ಕೂದಲೆಳೆ ದಾರದ ಶಿಗೆನೊ

ಶಿಗೆನೊ ಸಮುದ್ರದ ತಡೆಗೋಡೆಯ ತುದಿಗೆ ಬಂದು ನಿಂತಳೆಂದರೆ ಅಲ್ಲಿದ್ದ ಗಂಡಸರ ಮುಖ ಹುಳಿ ಕಿತ್ತಳೆ ಕಚ್ಚಿದ ಹಾಗಾಗುತ್ತಿತ್ತು. ಕುರೊಹಾಮಾ ಬಂದರಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಬರುತ್ತಿದ್ದಳು. ಬೆಳಕು ಹರಿಯುವ ಹೊತ್ತಿಗೆ ಸರಿಯಾಗಿ, ರಬ್ಬರ್ ಬೂಟಿನ ಸದ್ದು ಮಾಡುತ್ತಾ, ಯಾರಿಗೂ ಶುಭೋದಯ ಹೇಳದೆ, ಕೆಂಪು ದೀಪದ ಕಂಬದ ಬುಡದಲ್ಲಿ ತನ್ನ ಬಕೆಟ್ ಕುಕ್ಕಿ ನಿಲ್ಲುತ್ತಿದ್ದಳು.

ಅವಳಿಗೆ ಎಪ್ಪತ್ತೊಂದು ವರ್ಷ. ಎಡಗೈಯ ಮಣಿಕಟ್ಟು ಸೊಟ್ಟ. ಬಲಗೈಯಲ್ಲಿ ಒಂದು ಗಾಳದ ಕೋಲು, ತೂಕ ನೋಡಿದರೆ ಕೋಳಿಮೊಟ್ಟೆಯಷ್ಟು. ಅದರ ದಾರ ಎಷ್ಟು ಸಣ್ಣದೆಂದರೆ, ಒಂದು ಲೀಟರ್ ಹಾಲಿನ ಡಬ್ಬ ನೇತುಹಾಕಿದರೆ ಪಟ್ಟೆಂದು ಹೋಗುತ್ತದೆ. ತುದಿಗೆ ಒಂದು ಗ್ರಾಮಿನ ಸೀಸದ ಗುಂಡು, ಗುಂಡಿನ ಹಿಂದೆ ಬೆರಳುಗುರಿನಷ್ಟು ಉದ್ದದ ರಬ್ಬರ್ ಹುಳು. ಅಷ್ಟೆ ಅವಳ ಸಾಮಾನು. ಅದರಲ್ಲಿ ಅವಳು ಆಜಿ ಮೀನು ಹಿಡಿಯುತ್ತಿದ್ದಳು, ಬೆಳಗ್ಗೆಗೆ ಇಪ್ಪತ್ತು ಮೂವತ್ತು.

ಗಂಡಸರ ಸಾಮಾನೇ ಬೇರೆ. ನಾಲ್ಕು ಮೀಟರಿನ ಕೋಲು, ಮುಷ್ಟಿಗಾತ್ರದ ಬೆಂಡು, ಬೆಂಡಿನ ಕೆಳಗೆ ಸಣ್ಣ ಪಂಜರ. ಪಂಜರದ ತುಂಬ ಅರೆದ ಸಿಗಡಿ ತುಂಬಿ ದೂರಕ್ಕೆ ಬೀಸುತ್ತಾರೆ. ಸಿಗಡಿ ನೀರಲ್ಲಿ ಚೆದುರಿ ಮೀನು ಹಿಂಡಾಗಿ ಬರುತ್ತದೆ. ಅವರ ಸಿಟ್ಟೆಲ್ಲ ಇದರ ಮೇಲೆ.

"ಅಡಿಗೆ ಮಾಡಿದೋರು ನಾವು, ಬಡಿಸ್ಕೊಳ್ಳೋಳು ಇವಳು," ಎಂದು ಮೊರಿಯೊ ದಿನಾ ಒಂದು ಸಲ ಹೇಳುತ್ತಿದ್ದ. ಮೊರಿಯೊ ಹೊಟ್ಟೆ ತುಂಬ ಮಾತಿನವನು, ಸ್ವಂತ ದೋಣಿ ಇದ್ದರೂ ಸಮುದ್ರಕ್ಕಿಂತ ಗೋಡೆಯ ಮೇಲೆಯೇ ಹೆಚ್ಚು ಇರುತ್ತಿದ್ದವನು. "ಒಂದ್ ಹಿಡಿ ಸಿಗಡಿ ತಂದವಳಲ್ಲ. ಬರೀ ರಬ್ಬರ್ ತೋರ್ಸಿ ಮೀನಿಗೂ ಮೋಸ, ನಮಗೂ ಮೋಸ."

"ನಿಮ್ಮ ಸಿಗಡಿ ಗೋಡೆ ಮೇಲೆ ಕೊಳೆತು ನಾರ್ತಾ ಇರತ್ತಲ್ಲ, ಅದನ್ನ ದಿನಾ ನೀರು ಹಾಕಿ ತೊಳೆಯೋರು ಯಾರು ಮೊರಿಯೊ?" ಎಂದು ಅವಳು ತಿರುಗದೆಯೇ ಕೇಳುತ್ತಿದ್ದಳು. "ನಿನ್ನ ಹೆಂಡತಿ ಬಂದು ತೊಳೀತಾಳಾ?"

ಅವಳು ತೊಳೆಯುತ್ತಿದ್ದುದು ನಿಜ. ಆದರೆ ಅದಕ್ಕೆ ಯಾರೂ ಅವಳನ್ನು ಇಷ್ಟಪಡಲಿಲ್ಲ. ತೊಳೆಯುವಾಗ ಅವಳು ಎರಚುತ್ತಿದ್ದ ನೀರು ಬೇಕೆಂದೇ ಅವರ ಕಾಲಿಗೆ ಬೀಳುತ್ತಿತ್ತು.

ಇವರೆಲ್ಲರ ಮುಂದಾಳು ಸದಾಮು. ಶಿಗೆನೊಳ ಗಂಡ ತಮೆಜಿಯ ತಮ್ಮ, ಅಂದರೆ ಅವಳ ಮೈದುನ. ಅವನು ಮೊರಿಯೊನ ಹಾಗೆ ಬಡಬಡಿಸುವವನಲ್ಲ. ಅವಳು ಬಂದರೆ ಬಾಯಿ ಹೊಲಿದುಕೊಳ್ಳುತ್ತಿದ್ದ. ಅವರಿಬ್ಬರ ನಡುವಿನ ದ್ವೇಷ ಸಿಗಡಿಯದಲ್ಲ, ದೋಣಿಯದು.

ಸಚಿಮಾರು ಎಂಬ ಆ ದೋಣಿಯಲ್ಲಿ ಶಿಗೆನೊ ಇಪ್ಪತ್ತೆಂಟು ವರ್ಷ ಗಂಡನ ಜೊತೆ ದುಡಿದಿದ್ದಳು. ಅವನು ಬಲೆ ಎಳೆದರೆ ಇವಳು ಚುಕ್ಕಾಣಿ ಹಿಡಿಯುತ್ತಿದ್ದಳು. ಅವನು ಚುಕ್ಕಾಣಿಗೆ ಕೂತರೆ ಇವಳು ಬಲೆ ಎಳೆಯುತ್ತಿದ್ದಳು. ಬಲೆ ಸುತ್ತುವ ಯಂತ್ರಕ್ಕೆ ಅಂಗಿಯ ತೋಳು ಸಿಕ್ಕಿ ಮಣಿಕಟ್ಟು ಮುರಿದದ್ದೂ ಅಲ್ಲಿಯೇ. ಆವತ್ತು ಕೂಡ ಮುರಿದ ಕೈಯನ್ನು ಎದೆಗೆ ಕಟ್ಟಿಕೊಂಡು, ಇನ್ನೊಂದು ಕೈಯಲ್ಲಿ ಚುಕ್ಕಾಣಿ ಹಿಡಿದು ದಡ ಮುಟ್ಟಿಸಿದ್ದಳು. ಗಂಡ ಬಲೆ ಬಿಡಲೊಲ್ಲದೆ ಹಿಂದೆ ನಿಂತಿದ್ದ.

ತಮೆಜಿ ಸತ್ತು ನಲವತ್ತೊಂಬತ್ತನೆಯ ದಿನದ ಕರ್ಮ ಮುಗಿದ ಮರುದಿನ ಸದಾಮು ಬಂದರಿನಲ್ಲಿ ಎಲ್ಲರ ಎದುರು ದೋಣಿಗೆ ಮೈಲಿಗೆ ಕಳೆಯುವ ಉಪ್ಪು ಎರಚಿ, ಸಾಕೆ ಮದ್ಯ ಸುರಿದು, ಅದನ್ನು ತನ್ನದೆಂದ. ಗಂಡ ಹೆಂಡತಿ ಜೊತೆಯಾಗಿ ಹತ್ತಿದರೆ ದೋಣಿಯೊಳಗಿನ ದೇವತೆ ಸುಮ್ಮನಿರುತ್ತಾಳೆ. ಹೆಂಗಸು ಒಬ್ಬಳೇ ಹತ್ತಿದರೆ ಹೊಟ್ಟೆಕಿಚ್ಚಿಗೆ ಮೀನನ್ನೆಲ್ಲ ಓಡಿಸಿಬಿಡುತ್ತಾಳೆ. ನಮ್ಮ ಕಡೆ ಇದನ್ನು ನಂಬುವವರು ನಂಬುತ್ತಾರೆ, ನಂಬದವರೂ ಮೀರುವುದಿಲ್ಲ.

"ಇನ್ಮೇಲೆ ನೀನು ಇದರ ಮೇಲೆ ಕಾಲಿಡೋ ಹಾಗಿಲ್ಲ ಅತ್ತಿಗೆ," ಎಂದಿದ್ದ ಸದಾಮು. ಅದುವರೆಗೆ ಅವನು ಅವಳನ್ನು ನೀವು ಎನ್ನುತ್ತಿದ್ದ.

ಅವಳು ಮನೆಗೆ ಹೋಗಿ ಎರಡು ದಿನ ಮಲಗಿದಳು. ಮೂರನೆಯ ದಿನ ಎದ್ದು ಬಸ್ಸು ಹತ್ತಿ ಉವಾಜಿಮಾ ಪೇಟೆಗೆ ಹೋಗಿ, ಗಾಳದ ಅಂಗಡಿಯಲ್ಲಿ "ಈ ಕೈಗೆ ಹಿಡಿಯೋಕ್ಕಾಗೋಂಥದ್ದು ಏನಾದ್ರೂ ಇದ್ರೆ ಕೊಡು" ಎಂದು ಸೊಟ್ಟ ಮಣಿಕಟ್ಟು ತೋರಿಸಿದಳು. ಅಂಗಡಿಯವನು ಆ ಕೋಲು ಕೊಟ್ಟಾಗ ಇದೇನು ಚಾಪ್‌ಸ್ಟಿಕ್ಕಾ ಎಂದು ನಕ್ಕಿದ್ದಳಂತೆ. ಒಂದು ವಾರ ಕಳೆದ ಮೇಲೆ ನಗಲಿಲ್ಲ. ಎಷ್ಟೋ ಆಳದಲ್ಲಿ ಒಂದು ಆಜಿ ಹುಳುವಿಗೆ ಮೂತಿ ತಾಗಿಸಿ ಸುಮ್ಮನಾದದ್ದೂ ಅವಳ ಬೆರಳಿಗೆ ತಿಳಿಯುತ್ತಿತ್ತು. ಇಪ್ಪತ್ತೆಂಟು ವರ್ಷ ಹಗ್ಗ ಎಳೆದ ಕೈಗೆ ಹಾಗೊಂದು ಸೂಕ್ಷ್ಮ ಉಳಿದಿತ್ತೆಂದು ಅವಳಿಗೇ ಗೊತ್ತಿರಲಿಲ್ಲ.

ಆದರೆ ಒಂದು ಗ್ರಾಂ ಸೀಸ ಎಷ್ಟು ದೂರ ಹೋದೀತು. ಹದಿನೈದು ಹೆಜ್ಜೆ, ಗಾಳಿ ಇಲ್ಲದಿದ್ದರೆ ಇಪ್ಪತ್ತು. ಅಷ್ಟು ಹತ್ತಿರಕ್ಕೆ ಮೀನು ತರುವ ಸೆಳೆತ ಬರುವುದು ತಡೆಗೋಡೆಯ ತುದಿಯಲ್ಲಿ ಮಾತ್ರ. ಬೇರೆ ಎಲ್ಲಿ ನಿಂತರೂ ಅವಳ ಕೋಲು ಬರೀ ಕಡ್ಡಿ. ದೋಣಿ ಹೋದ ಮೇಲೆ ಅವಳಿಗೆ ಸಮುದ್ರ ಅಂತ ಉಳಿದದ್ದು ಆ ಕಂಬದ ಬುಡದ ಎರಡು ಮಾರು ಜಾಗ. ಅದನ್ನು ಅವಳು ಒಂಬತ್ತು ವರ್ಷ ಹಲ್ಲು ಕಚ್ಚಿ ಹಿಡಿದುಕೊಂಡಿದ್ದಳು.

ಒಂಬತ್ತನೆಯ ವರ್ಷ ಚಳಿಗಾಲಕ್ಕೆ ಮುಂಚೆ ಎರಡು ಸಲ ಅವಳ ಹುಳುವಿಗೆ ದೊಡ್ಡ ಮೀನು ಬಿತ್ತು. ಕೂದಲೆಳೆಗೆ ದೊಡ್ಡ ಮೀನು ಬಿದ್ದರೆ ತಡೆಯಲಾಗುವುದಿಲ್ಲ, ಅದು ಓಡಿದಷ್ಟೂ ಬಿಡಬೇಕು. ಅದು ಗಂಡಸರ ದಾರಗಳ ನಡುವೆ ನುಗ್ಗಿತು. ಎರಡು ಸಲವೂ ಐದಾರು ಜನರ ದಾರ ಒಂದಕ್ಕೊಂದು ಹೆಣೆದುಕೊಂಡು ಹಕ್ಕಿಗೂಡಿನಂತಾಯಿತು. ಮೀನೂ ಹೋಯಿತು, ಎಲ್ಲರ ಬೆಳಗೂ ಹಾಳಾಯಿತು.

ಎರಡನೆಯ ಸಲ ಸದಾಮು ತನ್ನ ಕೋಲು ಗೋಡೆಗೆ ಒರಗಿಸಿ ಅವಳ ಹತ್ತಿರ ಬಂದ.

"ಅತ್ತಿಗೆ, ಎಲ್ಲರ ಎದುರಿಗೆ ಹೇಳ್ತೀನಿ. ಇನ್ನೊಂದ್ಸಲ ದೊಡ್ಡದು ಬಿದ್ದು ನೀನದನ್ನ ದಡ ಕಾಣಿಸ್ದೆ ಹೋದ್ರೆ, ಈ ಗೋಡೆ ಬಿಡಬೇಕು. ತುದಿ ಅಲ್ಲ. ಗೋಡೆನೇ."

"ಕಾಣಿಸಿದ್ರೆ?"

"ಆಮೇಲೆ ನಾವ್ಯಾರೂ ತುಟಿ ಬಿಚ್ಚಲ್ಲ."

"ಮೊರಿಯೊ ಕೂಡ?"

ಯಾರೋ ಕಿಸಕ್ಕೆಂದರು. ಸದಾಮು ನಗಲಿಲ್ಲ. "ಮೊರಿಯೊ ಕೂಡ," ಎಂದ.

"ಆಯ್ತು," ಎಂದಳು ಶಿಗೆನೊ. ಆಮೇಲೆ ಮನೆಗೆ ಹೋಗುವ ದಾರಿಯುದ್ದಕ್ಕೂ ತನ್ನ ನಾಲಗೆಯನ್ನು ತಾನೇ ಬೈದುಕೊಂಡಳು.

ಹನ್ನೊಂದು ದಿನ ಆಜಿ ಮಾತ್ರ ಬಂದವು. ಹನ್ನೆರಡನೆಯ ಬೆಳಗ್ಗೆ, ಬೆಟ್ಟದ ಕಿತ್ತಳೆ ತೋಟಗಳ ಮೇಲೆ ಬಿಸಿಲು ಇನ್ನೂ ಬಿದ್ದಿರದ ಹೊತ್ತಿನಲ್ಲಿ, ಹುಳು ತಳದ ಹತ್ತಿರ ಇದ್ದಾಗ ಏನೋ ಅದನ್ನು ಬಾಯಲ್ಲಿಟ್ಟುಕೊಂಡು ನಿಂತಿತು. ಆಜಿ ಹಾಗೆ ನಿಲ್ಲುವುದಿಲ್ಲ. ಅವಳು ಕೋಲನ್ನು ಎರಡು ಬೆರಳಿನಷ್ಟು ಎತ್ತಿದಳು. ರೀಲು ಕಿರ್ರನೆ ಶುರುವಾಯಿತು, ನಿಲ್ಲಲಿಲ್ಲ.

"ಬಿತ್ತು," ಎಂದ ಮೊರಿಯೊ, ಮೊದಲ ಬಾರಿಗೆ ಸಣ್ಣ ದನಿಯಲ್ಲಿ.

"ದಾರ ಎತ್ಕೊಳ್ಳಿ," ಎಂದಳು ಶಿಗೆನೊ. ಯಾರನ್ನೂ ನೋಡಲಿಲ್ಲ. ಒಬ್ಬೊಬ್ಬರೇ ದಾರ ಸುತ್ತಿಕೊಂಡರು. ದೊಡ್ಡದು ಬಿದ್ದವನಿಗೆ ಉಳಿದವರು ದಾರಿ ಬಿಡುವುದು ಗೋಡೆಯ ಪದ್ಧತಿ, ದ್ವೇಷವಿದ್ದರೂ ಬಿಡಬೇಕು. ಸದಾಮು ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ನಿಧಾನಕ್ಕೆ ಸುತ್ತಿಕೊಂಡ. ಮೀನು ಅವನ ಬೆಂಡಿನಿಂದ ಒಂದು ಮೊಳ ದೂರದಲ್ಲಿ ಹಾದುಹೋಯಿತು.

ಅದು ಹೊರಗಿನ ಸಮುದ್ರಕ್ಕೆ ಓಡಿದ್ದರೆ ಅಲ್ಲಿಗೇ ಕತೆ ಮುಗಿಯುತ್ತಿತ್ತು. ಬಂದರಿನ ಒಳಕ್ಕೆ ತಿರುಗಿತು. ಶಿಗೆನೊ ಗೋಡೆಯ ಮೇಲೆ ಅದರ ಹಿಂದೆ ನಡೆದಳು. ಎಳೆದಾಗ ಬಿಟ್ಟಳು, ಬಿಟ್ಟಾಗ ಸುತ್ತಿದಳು. ತಡೆಗೋಡೆ ಎತ್ತರ, ಮೇಲಿಂದ ಆ ದಾರದಲ್ಲಿ ಏನನ್ನೂ ಎತ್ತುವಂತಿಲ್ಲ. ಬಲೆ ಹಾಕಲು ಬಂದವನಿಗೆ ಬೇಡವೆಂದು ತಲೆಯಾಡಿಸಿದಳು. ಅವಳ ಕಣ್ಣು ಬಂದರಿನ ಆ ಕೊನೆಯಲ್ಲಿ, ದೋಣಿಗಳನ್ನು ದಡಕ್ಕೆ ಎಳೆಯುವ ಇಳಿಜಾರಿನ ಮೇಲಿತ್ತು. ಅಲ್ಲಿಗೆ ಮುಟ್ಟಿಸಿದರೆ ಅಲೆಯ ಜೊತೆ ಮೀನು ತಾನೇ ಜಾರಿ ಮೇಲೆ ಬರುತ್ತದೆ.

ಗೋಡೆಗೂ ಇಳಿಜಾರಿಗೂ ನಡುವೆ ಏಳು ದೋಣಿಗಳು. ಮೂತಿ ದಡಕ್ಕೆ, ಹಿಂತುದಿ ನೀರಿಗೆ, ಹಳೇ ಟೈರುಗಳನ್ನು ನಡುವೆ ಇಟ್ಟು ಮೈಗೆ ಮೈ ತಾಗಿಸಿ ಕಟ್ಟಿದವು. ಮೀನು ಅವುಗಳ ಹಿಂತುದಿಯಾಚೆ ಇತ್ತು. ದಡದ ಮೇಲಿಂದ ನಡೆದರೆ ದಾರ ದೋಣಿಗಳಿಗೆ ಉಜ್ಜಿ ಹೋಗುತ್ತದೆ. ದೋಣಿಯಿಂದ ದೋಣಿಗೆ ದಾಟಬೇಕು, ಬೇರೆ ದಾರಿಯಿಲ್ಲ.

ಅವಳು ಬೂಟು ಕಳಚಿದಳು. ಹಿಂದೆ ಬಂದ ಗಂಡಸರು ಅಲ್ಲೇ ನಿಂತರು.

"ಅಕ್ಕ, ಒಬ್ಬಳೇ ಹತ್ತಬೇಡ," ಎಂದ ಮೊರಿಯೊ.

"ಹಂಗಾದ್ರೆ ನೀನೂ ಹತ್ತು."

ಅವನು ತಲೆ ಕೆರೆದುಕೊಂಡ. "ಗಂಡಸೊಬ್ಬ ಜೊತೇಲಿದ್ರೆ ದೇವತೆ ಏನೂ ಅನ್ನಲ್ಲ ಅಲ್ವಾ," ಎಂದು ಅಕ್ಕಪಕ್ಕದವರನ್ನು ಕೇಳಿ, ಉತ್ತರಕ್ಕೆ ಕಾಯದೆ ಅವನೂ ಬೂಟು ಕಳಚಿದ. ಎಂಟು ತಿಂಗಳ ಬಸುರಿಯಂಥ ಹೊಟ್ಟೆ ಹೊತ್ತು ಅವಳ ಹಿಂದೆ ಹತ್ತಿದ. "ಕ್ಷಮಿಸಮ್ಮ, ಜೊತೇಲೇ ಇದೀವಿ, ಜೊತೇಲೇ ಇದೀವಿ," ಎಂದು ಒಂದೊಂದು ದೋಣಿಗೂ ಹೇಳುತ್ತಾ ದಾಟಿದ. ಮೂರನೆಯದು ಅವನದೇ ದೋಣಿ. ಅಲ್ಲಿ ಎರಡು ಸಲ ಹೇಳಿದ.

"ಮದುವೆ ಮೆರವಣಿಗೆ ನೋಡ್ರಪ್ಪ," ಎಂದು ದಡದಿಂದ ಒಬ್ಬ ಕೂಗಿದ. ಶಿಗೆನೊಗೆ ಕೇಳಿಸಲಿಲ್ಲ. ಅವಳ ಕಿವಿಯಲ್ಲಿ ರೀಲಿನ ಸದ್ದು ಮಾತ್ರ ಇತ್ತು. ಸದ್ದು ದಪ್ಪವಾದರೆ ತಿರುಪು ಒಂದು ಕೂದಲಿನಷ್ಟು ಸಡಿಲಿಸುತ್ತಿದ್ದಳು, ತೆಳುವಾದರೆ ಒಂದು ಕೂದಲಿನಷ್ಟು ಬಿಗಿ ಮಾಡುತ್ತಿದ್ದಳು. ಮುಕ್ಕಾಲು ಗಂಟೆ ಆಗಿತ್ತು. ಸೊಟ್ಟ ಮಣಿಕಟ್ಟು ಉರಿಯುತ್ತಿತ್ತು.

ಆರನೆಯ ದೋಣಿ ದಾಟಿದರೆ ಏಳನೆಯದು ಸಚಿಮಾರು. ಸದಾಮು ಆಗಲೇ ಅದನ್ನು ಹತ್ತಿ ನಿಂತಿದ್ದ. ಕೈಯಲ್ಲಿ ಉದ್ದ ಹಿಡಿಯ ಕೈಬಲೆ.

"ಇದಕ್ಕೆ ಬೇಡ," ಎಂದ. "ಮೊರಿಯೊ ಜೊತೇನೂ ಬೇಡ, ಯಾರ ಜೊತೇನೂ ಬೇಡ."

"ಜರುಗು ಸದಾಮು. ಇನ್ನು ನಾಲ್ಕೇ ಹೆಜ್ಜೆ."

"ಅಲ್ಲೇ ನಿಲ್ಲು. ಮೀನನ್ನ ಈ ಕಡೆ ತಾ, ನಾನು ಬಲೇಲಿ ಎತ್ಕೊಡ್ತೀನಿ. ದಡ ಕಂಡ ಹಾಗೇ ಲೆಕ್ಕ. ಎಲ್ಲರೂ ಕೇಳಿಸ್ಕೊಳ್ಳಿ, ದಡ ಕಂಡ ಹಾಗೇ ಲೆಕ್ಕ."

ಅವಳು ಅವನ ಮುಖ ನೋಡಿದಳು. ಒಂಬತ್ತು ವರ್ಷದಲ್ಲಿ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಮೀನು ನೀರಿನ ಮೇಲಕ್ಕೆ ಬಂದು ಒಮ್ಮೆ ಪಕ್ಕಕ್ಕೆ ಮಗುಚಿತು. ಬೂದುಬಣ್ಣದ ದೊಡ್ಡ ಚಿನು ಮೀನು, ಬೆನ್ನಿನ ಮುಳ್ಳೆಲ್ಲ ನಿಮಿರಿತ್ತು. ಐವತ್ತು ಸೆಂಟಿಮೀಟರ್ ದಾಟಿದ ಚಿನುವಿಗೆ ಗಾಳದವರು ವಯಸ್ಸಿಲ್ಲದ್ದು ಅನ್ನುತ್ತಾರೆ, ಎಷ್ಟು ಹಳೆಯದೆಂದು ಹೇಳಲಾಗದ್ದು. ಅದು ಅಂಥದ್ದು. ದಡದಲ್ಲಿ ನಿಂತವರು ಉಸಿರು ಬಿಟ್ಟದ್ದು ಕೇಳಿಸಿತು.

"ಒಪ್ಕೋ ಅಕ್ಕ," ಎಂದ ಹಿಂದಿನಿಂದ ಮೊರಿಯೊ. "ನಿನ್ನ ಮಣಿಕಟ್ಟು ಇನ್ನು ತಡೆಯಲ್ಲ."

"ಸದಾಮು," ಎಂದಳು ಶಿಗೆನೊ, "ಬಲೆ ನೀರೊಳಗೆ ಇಡು. ಇಟ್ಟು ಸುಮ್ಮನಿರು. ಮೀನನ್ನ ನಾನು ಬಲೆ ಮೇಲಕ್ಕೆ ತರ್ತೀನಿ. ನೀನು ಅದರ ಹಿಂದೆ ಹೋಗಬೇಡ. ಅಲ್ಲಾಡಿಸ್ಲೂ ಬೇಡ."

"ನಂಗೆ ಬಲೆ ಹಿಡಿಯೋದು ಕಲಿಸ್ತೀಯಾ?"

"ಹೂಂ. ಕಲಿಸ್ತಿದೀನಿ."

ಅವನು ಬಗ್ಗಿ ಬಲೆಯನ್ನು ನೀರಲ್ಲಿಟ್ಟ. ಅವಳು ಮೀನನ್ನು ತಂದಳು. ಗೇಣು ಗೇಣಾಗಿ, ತೊಟ್ಟಿಲು ಸರಿಸುವ ಹಾಗೆ. ಅದರ ಮೂತಿ ಬಲೆಯ ಅಂಚಿನ ಮೇಲೆ ಬಂತು. ಕಣ್ಣು ಬಂತು. ಕಿವಿರು ಬಂತು.

ಐವತ್ತೈದು ವರ್ಷ ದೋಣಿಯ ಮೇಲೆ ನಿಂತು ದಪ್ಪ ದಾರದಲ್ಲಿ ಬಂದ ಮೀನನ್ನು ಬಾಚಿದ ಕೈ ಸದಾಮುವಿನದು. ದೋಣಿಯವರು ಹಾಗೆಯೇ, ಮೀನಿನ ಪಕ್ಕೆ ಮಿಂಚಿದರೆ ಕೈ ತಾನೇ ಹೋಗುತ್ತದೆ. ಹೋಯಿತು. ಬಲೆಯ ಕಬ್ಬಿಣದ ಬಳೆ ದಾರಕ್ಕೆ ತಾಗಿತು. ಸದ್ದೇ ಆಗಲಿಲ್ಲ. ಕೋಲಿನ ತುದಿ ನೆಟ್ಟಗಾಯಿತು, ಅಷ್ಟೆ. ಚಿನು ಕ್ಷಣಹೊತ್ತು ತನಗೆ ಬಿಡುಗಡೆಯಾದದ್ದು ಗೊತ್ತಾಗದೆ ಅಲ್ಲೇ ನಿಂತಿತ್ತು. ಆಮೇಲೆ ಬಾಲ ಹೊಡೆದು ಕೆಳಗೆ ಹೋಯಿತು.

ಸದಾಮು ಖಾಲಿ ಬಲೆ ಹಿಡಿದು ಬಗ್ಗಿಯೇ ಇದ್ದ. ಬೇಕೆಂದು ಮಾಡಿದ್ದಲ್ಲವೆಂದು ಶಿಗೆನೊಗೆ ಕಂಡಿತು. ಕಂಡದ್ದರಿಂದ ಅವಳ ಸಿಟ್ಟು ಇಮ್ಮಡಿಯಾಯಿತು. ಬೇಕೆಂದೇ ಮಾಡಿದ್ದರೆ ಆ ಬಲೆಯಿಂದಲೇ ಅವನ ತಲೆಗೆ ಹಾಕುತ್ತಿದ್ದಳು. ಕೈಜಾರಿದ್ದಕ್ಕೆ ಏನು ಮಾಡುವುದು.

"ನಿನ್ನದೇ ತಪ್ಪು ಕಣಯ್ಯ," ಎಂದ ಮೊರಿಯೊ ಮೆಲ್ಲಗೆ. "ಅಲ್ಲಾಡಿಸಬೇಡ ಅಂದಿದ್ಲು."

ಆಗ ಸದಾಮು ಎದ್ದು ನಿಂತ. ತಪ್ಪು ನನ್ನದು ಅನ್ನಲು ಬಾಯಿ ತೆರೆದಂತೆ ಕಂಡಿತು. ಬಂದರಿನ ಅರ್ಧ ಜನ ದಡದಲ್ಲಿ ನಿಂತು ನೋಡುತ್ತಿದ್ದರು. "ದಡ ಕಾಣಲಿಲ್ಲ," ಎಂದ. "ಮಾತು ಅಂದ್ರೆ ಮಾತು ಅತ್ತಿಗೆ. ಗೋಡೆ ಬಿಡು."

"ಬಿಟ್ಟೆ," ಎಂದಳು ಶಿಗೆನೊ.

ಮರುದಿನ ಬೆಳಗ್ಗೆ ಕಂಬದ ಬುಡ ಖಾಲಿಯಿತ್ತು. ಗಂಡಸರು ಅಲ್ಲಿಗೆ ಜರುಗಲು ಒಬ್ಬರನ್ನೊಬ್ಬರು ನೋಡುತ್ತಿದ್ದಾಗ ಮೊರಿಯೊ ಬಂದರಿನ ಒಳಗೆ ಕೈ ತೋರಿಸಿದ. ಸಚಿಮಾರುವಿನ ಹಿಂತುದಿಯಲ್ಲಿ, ಚುಕ್ಕಾಣಿಯ ಪಕ್ಕ, ಬಕೆಟ್ ಬೋರಲು ಹಾಕಿಕೊಂಡು ಶಿಗೆನೊ ಕೂತಿದ್ದಳು. ಒಬ್ಬಳೇ. ಬೂಟು ಕೂಡ ಬಿಚ್ಚಿರಲಿಲ್ಲ.

ಇಳಿಜಾರಿನ ಪಕ್ಕ ಒಂದು ತೊರೆ ಬಂದರಿಗೆ ಬೀಳುತ್ತದೆ. ಬಲೆ ತೊಳೆದ ನೀರು, ಮೀನಿನ ಚೂರು ಪಾರು ಎಲ್ಲ ಅಲ್ಲೇ ಸುತ್ತುತ್ತದೆ. ಸಣ್ಣ ಮೀನು ಅಲ್ಲಿ ಸೇರುವುದು ಇಪ್ಪತ್ತೆಂಟು ವರ್ಷ ಅಲ್ಲಿ ಪಾತ್ರೆ ತೊಳೆದವಳಿಗೆ ಗೊತ್ತಿತ್ತು. ದಡದಿಂದ ಹಾಕಿದರೆ ದೋಣಿಗಳೇ ಅಡ್ಡ. ಏಳನೆಯ ದೋಣಿಯ ಹಿಂತುದಿಯಿಂದ ಹತ್ತು ಹೆಜ್ಜೆ ದೂರ, ಒಂದು ಗ್ರಾಂ ಸೀಸಕ್ಕೆ ಹೇಳಿ ಮಾಡಿಸಿದಂತಿತ್ತು.

ಸದಾಮು ಓಡಿ ಬಂದ. ಅವನು ಓಡಿದ್ದನ್ನು ನೋಡಿದವರು ಆ ಊರಲ್ಲಿ ಕಡಿಮೆ.

"ಇಳಿ."

"ಗೋಡೆ ಬಿಡು ಅಂದೆ, ಬಿಟ್ಟೆ. ಇದು ಗೋಡೆಯಾ?"

"ಇದು ನನ್ನ ದೋಣಿ."

"ಹೌದಾ. ನನ್ನನ್ನ ಎಬ್ಬಿಸು ನೋಡೋಣ."

ಅವನು ಎರಡು ಹೆಜ್ಜೆ ಮುಂದೆ ಇಟ್ಟ. ಸತ್ತ ಅಣ್ಣನ ಹೆಂಡತಿಯ ರಟ್ಟೆ ಹಿಡಿದು ಎಳೆಯುವುದೆಂದರೆ ಏನೆಂದು ದಡದವರ ಮುಖ ನೋಡಿದರೇ ತಿಳಿಯುತ್ತಿತ್ತು. ನಿಂತ. ಹಿಂದಿರುಗಿ ಹೋಗಿ ಎಂಜಿನ್ ಚಾಲೂ ಮಾಡಿದ. ಕಪ್ಪು ಹೊಗೆ ನೇರ ಅವಳ ಮುಖಕ್ಕೆ ಹೊಡೆಯಿತು. ಅವಳು ಕುತ್ತಿಗೆಯ ವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ಮತ್ತೆ ಹುಳು ಎಸೆದಳು. ಕಾಲು ಗಂಟೆ ಎಂಜಿನ್ ಓಡಿತು.

"ಎಲ್ಲಿಗಾದ್ರೂ ಕರ್ಕೊಂಡು ಹೋಗ್ತೀಯೋ, ಇಲ್ಲಾ ಇಲ್ಲೇ ಎಣ್ಣೆ ಸುಡ್ತೀಯೋ?" ಎಂದು ಮೊರಿಯೊ ದಡದಿಂದ ಕೇಳಿದ. ಸದಾಮು ಎಂಜಿನ್ ನಿಲ್ಲಿಸಿದ.

ಹತ್ತು ದಿನ ಅವಳು ಎದ್ದು ಹೋದ ಮೇಲೆ ಅವನು ದೋಣಿಗೆ ಉಪ್ಪು ಎರಚಿದ. ಹನ್ನೊಂದನೆಯ ದಿನ ಆಕ್ಟೋಪಸ್ ಹಿಡಿಯಲು ಸಮುದ್ರದಲ್ಲಿ ಮುಳುಗಿಸಿಟ್ಟ ಮಡಕೆಗಳನ್ನು ಎತ್ತಲು ಹೋದರೆ ನಲವತ್ತು ಮಡಕೆಯಲ್ಲಿ ಎರಡೇ ಆಕ್ಟೋಪಸ್ ಇದ್ದವು. ಒಬ್ಬಳೇ ಹೆಂಗಸು ಹತ್ತಿದ್ದರ ಫಲ ಎಂದು ಸದಾಮುವಿನ ಹೆಂಡತಿ ಅತ್ತಳು. ನೀರು ತಣ್ಣಗಾಗಿದೆ, ಎಲ್ಲರಿಗೂ ಅಷ್ಟೇ ಸಿಕ್ಕಿರೋದು ಎಂದು ಉಳಿದವರು ಹೇಳಿದ್ದನ್ನು ಮನೆಯಲ್ಲಿ ಯಾರೂ ಕೇಳಲಿಲ್ಲ.

ಮರುದಿನ ಬೆಳಗ್ಗೆ ಶಿಗೆನೊ ಬಂದಾಗ ಸದಾಮು ಆಗಲೇ ದೋಣಿಯಲ್ಲಿದ್ದ. ಮೂತಿಯ ಹತ್ತಿರ, ಅವಳ ಕಡೆ ಬೆನ್ನು ಹಾಕಿ, ತೋಳು ಕಟ್ಟಿ ಕೂತಿದ್ದ. ಅವಳು ಒಂದು ಕ್ಷಣ ನಿಂತು ಅವನ ಬೆನ್ನು ನೋಡಿದಳು. ಅವಳು ಒಬ್ಬಳೇ ಆಗಬಾರದೆಂದು ಅವನು ಬಂದು ಕೂತಿದ್ದಾನೆಂದು ಅರ್ಥವಾಯಿತು. ನಗು ಬರಲಿಲ್ಲ. ಹತ್ತಿ ತನ್ನ ಜಾಗದಲ್ಲಿ ಕೂತಳು.

ಈಗ ಇದು ಮೂರನೆಯ ಚಳಿಗಾಲ. ತಡೆಗೋಡೆಯ ತುದಿಗೆ ಸದಾಮು ಹೋಗುವುದಿಲ್ಲ, ಹೋಗಲು ಅವನಿಗೆ ಬಿಡುವಿಲ್ಲ. ಕಂಬದ ಬುಡದಲ್ಲಿ ಮೊರಿಯೊ ನಿಲ್ಲುತ್ತಾನೆ. ಗೋಡೆ ತೊಳೆಯುವವರಿಲ್ಲ, ಕೊಳೆತ ಸಿಗಡಿಯ ನಾತ ಊರೊಳಗಿನ ತನಕ ಬರುತ್ತದೆ. ಮಳೆ ಬಂದರೆ ಸಚಿಮಾರುವಿನ ಹಿಂತುದಿಯಲ್ಲಿ ಒಂದು ಕೊಡೆ, ಮೂತಿಯಲ್ಲಿ ಒಂದು ಕೊಡೆ. ಅವಳು ತನ್ನ ಡಬ್ಬಿಯ ಅನ್ನದುಂಡೆ ತಿನ್ನುತ್ತಾಳೆ, ಅವನು ತನ್ನದು. ಬಿಸಿಲು ಬೆಟ್ಟದಿಂದ ಇಳಿದು ಬಂದರಿಗೆ ಬಿದ್ದ ಮೇಲೆ ಅವನು ತಲೆ ತಿರುಗಿಸದೆ ಕೇಳುತ್ತಾನೆ.

"ಮುಗೀತಾ?"

"ಇಲ್ಲ," ಎನ್ನುತ್ತಾಳೆ ಶಿಗೆನೊ, ಮತ್ತೆ ಹುಳು ಎಸೆಯುತ್ತಾಳೆ.